ಮಲಗದ ಸ್ಟೀರಿಯೊ, ಏಳದ ಕಾರು

ಶನಿವಾರ ಸಂಜೆ ಸರಾಗವಾಗಿ ಓಡಿ ಬಂದು ನಿಂತ ಕಾರು, ಸೋಮವಾರ ಬೆಳಿಗ್ಗೆ ಕೀ ತಿರುಗಿಸಿದರೆ ‘ಟಕ್ ಟಕ್’ ಅಂದು ಸುಮ್ಮನಾಗುತ್ತದೆ. ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗುತ್ತವೆ, ಸೆಲ್ಫ್ ತಗೊಳ್ಳುವುದಿಲ್ಲ. ಬೇಸ್‌ಮೆಂಟಿನಲ್ಲಿ ಸುತ್ತ ನೆರೆದವರೆಲ್ಲರ ತೀರ್ಪು ಒಂದೇ: ‘ಬ್ಯಾಟರಿ ಹೋಗಿದೆ ಸಾರ್, ಬೇರೆ ಹಾಕಿಸಿ.’ ಹೊಸ ಬ್ಯಾಟರಿ ಬರುತ್ತದೆ, ನಾಲ್ಕೈದು ಸಾವಿರ ರೂಪಾಯಿ ಕೈಬಿಡುತ್ತದೆ. ಕೆಲವು ವಾರ ಕಳೆಯುವುದರೊಳಗೆ ಮತ್ತೆ ಅದೇ ‘ಟಕ್ ಟಕ್’.

ಎರಡನೇ ಸಲ ಹೀಗಾದಾಗಲಾದರೂ ಒಂದು ಪ್ರಶ್ನೆ ಕೇಳಲೇಬೇಕು. ಈ ಕಾರಿಗೆ ಕಂಪನಿಯವರು ಕೊಟ್ಟಿದ್ದನ್ನು ತೆಗೆಸಿ ಹೊರಗಡೆ ಮ್ಯೂಸಿಕ್ ಸಿಸ್ಟಮ್ ಹಾಕಿಸಿದ್ದೀರಾ? ದೊಡ್ಡ ಪರದೆಯ ಆಂಡ್ರಾಯ್ಡ್ ಸ್ಟೀರಿಯೊ, ಡಿಕ್ಕಿಯಲ್ಲೊಂದು ವೂಫರ್, ಸೀಟಿನಡಿ ಒಂದು ಆಂಪ್ಲಿಫೈಯರ್? ಹೌದು ಎಂದರೆ ಬ್ಯಾಟರಿಯ ಮೇಲಿನ ಅನುಮಾನವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡುವುದು ಒಳ್ಳೆಯದು. ನಾನು ನೋಡಿದ ಮಟ್ಟಿಗೆ ಇಂಥ ಕಾರುಗಳಲ್ಲಿ ಬ್ಯಾಟರಿ ಏಟು ತಿಂದದ್ದೇ ಹೊರತು ತಪ್ಪು ಮಾಡಿದ್ದಲ್ಲ. ತಪ್ಪು ಇರುವುದು ಬಹುತೇಕ ಒಂದೇ ಒಂದು ತಂತಿಯಲ್ಲಿ, ಕಾರು ನಿಂತಿದೆ ಎಂಬ ಸುದ್ದಿಯನ್ನು ಸ್ಟೀರಿಯೊಗೂ ಆಂಪ್‌ಗೂ ಮುಟ್ಟಿಸಬೇಕಾದ ತಂತಿಯಲ್ಲಿ. ಅದನ್ನು ಹುಡುಕಲು ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಒಂದೆರಡು ಗಂಟೆಯ ತಾಳ್ಮೆ ಸಾಕು. ಊಹೆ ಮಾಡಿ ಬ್ಯಾಟರಿ ಬದಲಿಸುವುದಕ್ಕೂ ಅಳೆದು ತಂತಿ ಸರಿಪಡಿಸುವುದಕ್ಕೂ ಖರ್ಚಿನಲ್ಲಿರುವ ಅಂತರ ದೊಡ್ಡದು.

ಮೊದಲು ಲೆಕ್ಕ ನೋಡೋಣ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ 35 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಅಂದರೆ, ಹೊಸದಾಗಿದ್ದಾಗ, ಒಂದು ಆಂಪಿಯರ್ ಕರೆಂಟನ್ನು ಹೆಚ್ಚುಕಡಿಮೆ 35 ಗಂಟೆ ಕೊಡುವಷ್ಟು ಸಂಗ್ರಹ. ಇದರಲ್ಲಿ ಅರ್ಧ ಖಾಲಿಯಾಗುವ ಹೊತ್ತಿಗೆ ಸೆಲ್ಫ್ ಹೊಡೆಯುವುದು ಅನುಮಾನವಾಗುತ್ತದೆ. ಆದ್ದರಿಂದ ನಮ್ಮ ಕೈಯಲ್ಲಿ ನಿಜವಾಗಿ ಇರುವುದು 17 ಚಿಲ್ಲರೆ. ಕಾರು ಲಾಕ್ ಮಾಡಿ ಹೋದ ಮೇಲೂ ಗಡಿಯಾರ, ಅಲಾರಂ, ರಿಮೋಟ್ ಲಾಕ್, ಎಂಜಿನ್ ಕಂಪ್ಯೂಟರಿನ ನೆನಪು ಇವೆಲ್ಲ ಸೇರಿ 20ರಿಂದ 50 ಮಿಲಿ ಆಂಪಿಯರ್ ಎಳೆಯುತ್ತವೆ. ಅದು ಸಹಜ. 50 ಮಿಲಿ ಆಂಪಿಯರ್ ಎಂದರೆ ದಿನಕ್ಕೆ 1.2 ಆಂಪಿಯರ್-ಅವರ್, ಆ ಲೆಕ್ಕದಲ್ಲಿ ಅರ್ಧ ಬ್ಯಾಟರಿ ಇಳಿಯಲು ಎರಡು ವಾರ ಬೇಕು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ವಾರಗಟ್ಟಲೆ ನಿಂತ ಕಾರುಗಳು ಯಾವ ದೋಷವೂ ಇಲ್ಲದೆ ಡೆಡ್ ಆದದ್ದು ಇದೇ ಕಾರಣಕ್ಕೆ.

ಈಗ ಸೋರಿಕೆ 400 ಮಿಲಿ ಆಂಪಿಯರ್ ಇದೆ ಎಂದುಕೊಳ್ಳಿ. ದಿನಕ್ಕೆ 9.6 ಆಂಪಿಯರ್-ಅವರ್ ಹೋಯಿತು. ಎರಡು ದಿನ ಮುಗಿಯುವ ಮುಂಚೆಯೇ ಕಾರು ಏಳದ ಸ್ಥಿತಿಗೆ ಬರುತ್ತದೆ. ಒಂದು ಆಂಪಿಯರ್ ಆದರೆ ಹದಿನೇಳು-ಹದಿನೆಂಟು ಗಂಟೆ ಸಾಕು. ಎರಡು-ಮೂರು ವರ್ಷ ದುಡಿದ ಬ್ಯಾಟರಿಯಲ್ಲಿ 35ರ ಬದಲು 25 ಉಳಿದಿರಬಹುದು, ಆಗ ಈ ಗಡುವುಗಳೆಲ್ಲ ಇನ್ನೂ ಹತ್ತಿರಕ್ಕೆ ಬರುತ್ತವೆ. ದಿನಾ ಓಡಿಸುವವರಿಗೆ ತೊಂದರೆ ಕಾಣದೆ, ವಾರಾಂತ್ಯ ಕಳೆದ ಸೋಮವಾರವೇ ಕಾರು ಕೈಕೊಡುವುದರ ಗುಟ್ಟೂ ಇದೇ.

ಬ್ಯಾಟರಿಯನ್ನು ಹೆಚ್ಚು ಹಿಂಡುವುದು ಸೆಲ್ಫ್ ಹೊಡೆಯುವ ಕ್ಷಣ ಎಂದು ಬಹಳ ಜನ ನಂಬಿದ್ದಾರೆ. ಆ ಕ್ಷಣದಲ್ಲಿ ಹರಿಯುವ ಕರೆಂಟು ದೊಡ್ಡದೇ, ನಿಜ. ಆದರೆ 200 ಆಂಪಿಯರ್ ಎರಡು ಸೆಕೆಂಡು ಹರಿದರೆ ಖರ್ಚಾಗುವುದು 0.11 ಆಂಪಿಯರ್-ಅವರ್ ಮಾತ್ರ. ಒಂದು ಆಂಪಿಯರಿನ ಸದ್ದಿಲ್ಲದ ಸೋರಿಕೆ ಅಷ್ಟನ್ನು ಏಳು ನಿಮಿಷದಲ್ಲಿ ಕುಡಿದು ಮುಗಿಸುತ್ತದೆ. ರಾತ್ರಿಯಿಡೀ ಕುಡಿದದ್ದನ್ನು ಬೆಳಗಿನ ಐದಾರು ಕಿಲೊಮೀಟರ್ ಆಫೀಸು ಪ್ರಯಾಣ ತುಂಬಿಕೊಡಲಾರದು. ಸೀಸ-ಆಮ್ಲದ ಬ್ಯಾಟರಿ ತುಂಬುತ್ತಾ ಹೋದಂತೆ ಚಾರ್ಜನ್ನು ನಿಧಾನವಾಗಿಯೇ ಒಳಗೆ ಬಿಟ್ಟುಕೊಳ್ಳುತ್ತದೆ. ಸಿಲ್ಕ್ ಬೋರ್ಡಿನ ಟ್ರಾಫಿಕ್‌ನಲ್ಲಿ ಐಡಲ್‌ನಲ್ಲಿ ನಿಂತ ಎಂಜಿನ್‌ನ ಆಲ್ಟರ್ನೇಟರ್ ತನ್ನ ಪೂರ್ತಿ ಶಕ್ತಿಯನ್ನೂ ಕೊಡುವುದಿಲ್ಲ. ಕೊಟ್ಟದ್ದರಲ್ಲಿ ಎ.ಸಿ. ಬ್ಲೋವರ್, ಹೆಡ್‌ಲೈಟ್, ವೈಪರ್ ಪಾಲು ಕೇಳುತ್ತವೆ. ಹೀಗೆ ದಿನದಿನದ ಸಾಲ ಬೆಳೆಯುತ್ತದೆ.

ಕಾರಿನ ಸಂಗೀತಕ್ಕೂ ಬ್ಯಾಟರಿಗೂ ಇರುವ ಈ ತಕರಾರು ಹಳೆಯದು. ಫ್ರಾನ್ಸಿನ ಗ್ಯಾಸ್ತೋಂ ಪ್ಲಾಂಟೆ 1859ರಲ್ಲಿ ಸೀಸ-ಆಮ್ಲದ ಬ್ಯಾಟರಿಯನ್ನು ರೂಪಿಸಿದಾಗ ಕಾರೇ ಇರಲಿಲ್ಲ. ಚಾರ್ಲ್ಸ್ ಕೆಟರಿಂಗ್ ಅವರ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ, ಕೈಯಿಂದ ಹ್ಯಾಂಡಲ್ ಹೊಡೆಯುವ ಕಷ್ಟ ತಪ್ಪಿ, ಬ್ಯಾಟರಿ ಕಾರಿನ ಅವಿಭಾಜ್ಯ ಅಂಗವಾಯಿತು. 1930ರಲ್ಲಿ ಪಾಲ್ ಗ್ಯಾಲ್ವಿನ್ ಅವರ ಕಂಪನಿ ಮೋಟೊರೋಲಾ ಹೆಸರಿನ ಕಾರ್ ರೇಡಿಯೊವನ್ನು ಮಾರುಕಟ್ಟೆಗೆ ತಂದಿತು. ಆ ಕಾಲದ ವಾಲ್ವ್ ರೇಡಿಯೊಗಳು ಕಾಯಲಿಕ್ಕೇ ಬೇಕಾದಷ್ಟು ಕರೆಂಟು ತಿನ್ನುತ್ತಿದ್ದವು. ಎಂಜಿನ್ ನಿಲ್ಲಿಸಿ ಹಾಡು ಕೇಳುತ್ತಾ ಕುಳಿತರೆ 6 ವೋಲ್ಟಿನ ಆಗಿನ ಬ್ಯಾಟರಿ ಬೇಗ ಬಳಲುತ್ತಿತ್ತು. 1955ರಲ್ಲಿ ಕ್ರೈಸ್ಲರ್ ಮತ್ತು ಫಿಲ್ಕೊ ಸೇರಿ ಪೂರ್ತಿ ಟ್ರಾನ್ಸಿಸ್ಟರಿನ ಕಾರ್ ರೇಡಿಯೊ ಪ್ರಕಟಿಸಿದಾಗ ಆ ಹಸಿವು ಒಮ್ಮೆಲೇ ಇಳಿಯಿತು.

ಆದರೆ ಆ ಹಳೆಯ ರೇಡಿಯೊಗಳಲ್ಲಿ ಒಂದು ಗುಣವಿತ್ತು. ಗುಂಡಿ ತಿರುಗಿಸಿ ‘ಕಟಕ್’ ಎನಿಸಿದರೆ ತಂತಿಯೇ ಕಡಿದಂತೆ. ಒಂದು ಹನಿ ಕರೆಂಟೂ ಮುಂದೆ ಹೋಗುತ್ತಿರಲಿಲ್ಲ. ಎಲೆಕ್ಟ್ರಾನಿಕ್ ಟ್ಯೂನಿಂಗ್ ಬಂದು, ಸ್ಟೇಷನ್‌ಗಳನ್ನೂ ಗಡಿಯಾರವನ್ನೂ ನೆನಪಿಟ್ಟುಕೊಳ್ಳುವ ಚಿಪ್ ಬಂದ ಮೇಲೆ ಆ ಸ್ವಿಚ್ ಮಾಯವಾಯಿತು. ನೆನಪು ಉಳಿಯಬೇಕಾದರೆ ಸದಾ ಸ್ವಲ್ಪ ಕರೆಂಟು ಬೇಕು. ಆದ್ದರಿಂದ ಇಂದಿನ ಸ್ಟೀರಿಯೊಗೆ ಎರಡು ಪಾಸಿಟಿವ್ ತಂತಿಗಳು. ನಮ್ಮ ಇಡೀ ಕಥೆ ಈ ಎರಡು ತಂತಿಗಳ ಸುತ್ತಲೇ ಸುತ್ತುತ್ತದೆ.

ಹೊರಗಡೆ ಕೊಳ್ಳುವ ಸ್ಟೀರಿಯೊದ ಹಿಂದೆ ಬರುವ ಹಾರ್ನೆಸ್‌ನಲ್ಲಿ ಹಳದಿ ತಂತಿ ಬ್ಯಾಟರಿಯಿಂದ ನೇರ, ಸದಾ 12 ವೋಲ್ಟ್. ಕೆಂಪು ತಂತಿ ಆ್ಯಕ್ಸೆಸರಿ. ಕೀ ತಿರುಗಿಸಿದಾಗ ಮಾತ್ರ ಅದರಲ್ಲಿ ವೋಲ್ಟೇಜ್ ಬರಬೇಕು. ಕಪ್ಪು ಅರ್ತಿಂಗ್. ನೀಲಿ-ಬಿಳಿ ಪಟ್ಟೆಯದು ಆಂಪ್‌ಗೆ ಹೋಗುವ ರಿಮೋಟ್ ತಂತಿ. ಹಾಡು ನುಡಿಸುವ ಭಾರವೆಲ್ಲ ಹಳದಿಯದು. ಕೆಂಪು ತಂತಿ ಹೊರುವ ಕರೆಂಟು ತೀರ ಕಡಿಮೆ, ಅದರ ಕೆಲಸ ‘ಏಳು, ಮಲಗು’ ಎಂದು ಹೇಳುವುದು. ಕೆಂಪಿನಲ್ಲಿ ವೋಲ್ಟೇಜ್ ಹೋದ ತಕ್ಷಣ ಸ್ಟೀರಿಯೊ ತನ್ನ ಅಂಗಡಿಯನ್ನೆಲ್ಲ ಮುಚ್ಚಿ, ನೆನಪಿನ ಚಿಪ್ಪಿಗೆ ಬೇಕಾದ ಕೆಲವೇ ಮಿಲಿ ಆಂಪಿಯರ್ ಹಳದಿಯಿಂದ ಎಳೆದುಕೊಳ್ಳುತ್ತಾ ಮಲಗಬೇಕು.

ಎಡವಟ್ಟು ಆಗುವುದು ಹೀಗೆ. ಕಾರಿನ ಕಡೆಯ ಕನೆಕ್ಟರಿನಲ್ಲಿ ಯಾವ ಪಿನ್ ಸದಾ ಜೀವಂತ, ಯಾವುದು ಕೀಗೆ ಬದ್ಧ ಎಂಬುದು ಎಲ್ಲ ಕಾರುಗಳಲ್ಲೂ ಒಂದೇ ಅಲ್ಲ. ಐಎಸ್‌ಒ ಮಾದರಿಯ ಚೌಕ ಕನೆಕ್ಟರಿನಲ್ಲೇ ಕೆಲವು ಯುರೋಪಿಯನ್ ಕಾರುಗಳು ಇವೆರಡನ್ನು ಅದಲುಬದಲು ಇಟ್ಟಿವೆ. ಕಾರಿನ ಕಡೆಯ ತಂತಿಗಳ ಬಣ್ಣವಂತೂ ಪ್ರತಿ ಕಂಪನಿಗೂ ಬೇರೆ. ಅಂಗಡಿಯ ಹುಡುಗ ಗಡಿಬಿಡಿಯಲ್ಲಿ ಜೋಡಿಸಿದ, ಸ್ಟೀರಿಯೊ ಹಾಡಿತು, ಗಿರಾಕಿ ಖುಷಿಯಾದ. ಮರುದಿನ ನೋಡಿದರೆ ಗಡಿಯಾರ ಸೊನ್ನೆಗೆ ಬಂದಿದೆ, ಸೇವ್ ಮಾಡಿದ ಸ್ಟೇಷನ್‌ಗಳೆಲ್ಲ ಅಳಿಸಿವೆ. ಹಳದಿ ಮತ್ತು ಕೆಂಪು ತಿರುಗುಮುರುಗಾಗಿವೆ ಎನ್ನುವುದಕ್ಕೆ ಇದು ನಿಖರ ಲಕ್ಷಣ. ಸರಿಯಾದ ಪರಿಹಾರ ಅವೆರಡನ್ನು ಅದಲುಬದಲು ಮಾಡುವುದು. ಅದಕ್ಕೆಂದೇ ಹಲವು ಹಾರ್ನೆಸ್‌ಗಳಲ್ಲಿ ಎಳೆದು ಬಿಚ್ಚಿ ಸೇರಿಸುವ ಚಿಕ್ಕ ಜೋಡಣೆಗಳಿರುತ್ತವೆ. ಆದರೆ ಕೈಗೆ ಬೇಗ ಸಿಗುವ ಪರಿಹಾರ ಇನ್ನೊಂದಿದೆ: ಕೆಂಪು, ಹಳದಿ ಎರಡನ್ನೂ ತಿರುಚಿ ಸೇರಿಸಿ ಸದಾ ಜೀವಂತವಾಗಿರುವ ತಂತಿಗೆ ಕಟ್ಟಿ ಟೇಪು ಸುತ್ತಿಬಿಡುವುದು. ಗಡಿಯಾರ ಸರಿಹೋಗುತ್ತದೆ. ಕೀ ಇಲ್ಲದೆಯೂ ಹಾಡು ಬರುತ್ತದೆ, ಗಿರಾಕಿಗೆ ಅದೂ ಒಂದು ಸವಲತ್ತು ಅನ್ನಿಸುತ್ತದೆ. ಆದರೆ ಇನ್ನು ಮೇಲೆ ಆ ಸ್ಟೀರಿಯೊಗೆ ಕಾರು ಯಾವತ್ತೂ ನಿಲ್ಲುವುದಿಲ್ಲ. ಪರದೆಯ ಗುಂಡಿ ಒತ್ತಿ ಕತ್ತಲಾಗಿಸಿದರೂ ಒಳಗೆ ಪ್ರೊಸೆಸರ್ ಎಚ್ಚರವಾಗಿಯೇ ಇದ್ದು ನೂರಾರು ಮಿಲಿ ಆಂಪಿಯರ್ ತಿನ್ನುತ್ತಿರಬಹುದು.

ಆದ್ದರಿಂದ ಮೊದಲ ಪರೀಕ್ಷೆ ಬಹಳ ಸರಳ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಆಮೇಲೆ ಸ್ಟೀರಿಯೊ ಗುಂಡಿ ಒತ್ತಿ. ಅದು ಎದ್ದು ಹಾಡತೊಡಗಿದರೆ, ಕಂಪನಿಯ ಸ್ಟೀರಿಯೊಗಳಲ್ಲಿ ಅಂಥದೊಂದು ಸೌಲಭ್ಯ ಬೇಕೆಂದೇ ಇಟ್ಟದ್ದಲ್ಲವಾದರೆ, ಕೆಂಪು ತಂತಿಯ ಮೇಲೆ ಅನುಮಾನ ಪಡಿ. ಸ್ಟೀರಿಯೊ ಹೊರಗೆಳೆದು ಮಲ್ಟಿಮೀಟರನ್ನು ಡಿ.ಸಿ. 20 ವೋಲ್ಟಿಗಿಟ್ಟು ಕೆಂಪು ತಂತಿ ಮತ್ತು ಅರ್ತಿಂಗ್ ನಡುವೆ ಹಿಡಿದರೆ ಉತ್ತರ ಸಿಗುತ್ತದೆ: ಕೀ ಹೊರಗಿದ್ದಾಗ ಸೊನ್ನೆ ಇರಬೇಕು. ಹಳೆಯ ಕಾರುಗಳಲ್ಲಿ ವೈರಿಂಗ್ ಸರಿ ಇದ್ದರೂ ಕೀ ಹಾಕುವ ಸ್ವಿಚ್ಚೇ ಸವೆದು ಆ್ಯಕ್ಸೆಸರಿ ಕಡಿಯದೆ ಉಳಿಯುವುದುಂಟು. ಆಗಲೂ ಇಲ್ಲಿ 12 ಕಾಣುತ್ತದೆ. ಡ್ಯಾಶ್‌ಬೋರ್ಡಿನ ಒಳಗೆ ಕೈಹಾಕುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅಲ್ಲಿ ಹಳದಿ ಕವಚದ ತಂತಿಯ ಕಟ್ಟು, ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ಮೀಟರನ್ನಾಗಲಿ ಟೆಸ್ಟ್ ಲ್ಯಾಂಪನ್ನಾಗಲಿ ತಾಗಿಸಬಾರದು.

ಹೊಸ ಕಾರುಗಳಲ್ಲಿ ಸಂಗತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಎಷ್ಟೋ ಮಾದರಿಗಳಲ್ಲಿ ಸ್ಟೀರಿಯೊ ಹಿಂದೆ ಆ್ಯಕ್ಸೆಸರಿ ತಂತಿಯೇ ಇಲ್ಲ. ಕೀ ತಿರುಗಿಸಿದ ಸುದ್ದಿ ಕ್ಯಾನ್ ಬಸ್ ಎಂಬ ಎರಡೆಳೆಯ ದಾರಿಯಲ್ಲಿ ಅಂಕಿಗಳ ರೂಪದಲ್ಲಿ ಹರಿದಾಡುತ್ತದೆ. ಹೊರಗಿನ ಸ್ಟೀರಿಯೊಗೆ ಆ ಭಾಷೆ ಬಾರದ ಕಾರಣ ನಡುವೆ ಒಂದು ಚಿಕ್ಕ ಡಿಕೋಡರ್ ಪೆಟ್ಟಿಗೆ ಕೂರಿಸುತ್ತಾರೆ. ಅದು ಸುದ್ದಿಯನ್ನು ಓದಿ ಕೆಂಪು ತಂತಿಗೆ 12 ವೋಲ್ಟ್ ಕೊಡುತ್ತದೆ. ಕಾರಿನ ಮಾದರಿಗೆ ಹೊಂದದ ಪೆಟ್ಟಿಗೆ ಹಾಕಿದರೆ, ಇಲ್ಲವೇ ಸೆಟ್ಟಿಂಗಿನಲ್ಲಿ ಬೇರೆ ಕಾರು ಆಯ್ಕೆಯಾಗಿದ್ದರೆ, ಅದು ಮಲಗುವ ಸಂಕೇತವನ್ನು ಗುರುತಿಸದೆ ಕೆಂಪನ್ನು ಹಿಡಿದೇ ಇಡಬಹುದು. ಇನ್ನೂ ಕೆಟ್ಟ ಸಂದರ್ಭವೆಂದರೆ ಆ ಪೆಟ್ಟಿಗೆಯೇ ಬಸ್ಸಿನಲ್ಲಿ ಮಾತಾಡುತ್ತಾ ಉಳಿದು ಕಾರಿನ ಬೇರೆ ಕಂಪ್ಯೂಟರುಗಳನ್ನೂ ಮಲಗಲು ಬಿಡದಿರುವುದು. ಆಗ ಸ್ಟೀರಿಯೊದ ಫ್ಯೂಸ್ ತೆಗೆದರೆ ಕರೆಂಟು ಅದು ತಿನ್ನುವುದಕ್ಕಿಂತ ಎಷ್ಟೋ ಹೆಚ್ಚು ಇಳಿಯುತ್ತದೆ.

ಆಂಡ್ರಾಯ್ಡ್ ಸ್ಟೀರಿಯೊಗಳದು ಬೇರೆಯೇ ಸ್ವಭಾವ. ಕೀ ತಿರುಗಿಸಿದ ಎರಡೇ ಸೆಕೆಂಡಿನಲ್ಲಿ ಪರದೆ ಬೆಳಗಬೇಕು ಎಂಬುದು ನಮ್ಮ ಆಸೆ. ಪೂರ್ತಿ ಆರಿಸಿದ ಯಂತ್ರ ಮತ್ತೆ ಬೂಟ್ ಆಗಲು ಅರ್ಧ ನಿಮಿಷವಾದರೂ ಬೇಕಾದ್ದರಿಂದ ಬಹಳ ತಯಾರಕರು ಅದನ್ನು ಆರಿಸುವುದೇ ಇಲ್ಲ, ಮೊಬೈಲಿನಂತೆ ನಿದ್ದೆಗೆ ಹಾಕುತ್ತಾರೆ. ಒಳ್ಳೆಯ ಯಂತ್ರ ನಿದ್ದೆಯಲ್ಲಿ ಹೆಚ್ಚು ತಿನ್ನುವುದಿಲ್ಲ. ಅಗ್ಗದ ಯಂತ್ರಗಳಲ್ಲಿ ಯಾವುದೋ ಆ್ಯಪ್ ಎಬ್ಬಿಸುತ್ತಲೇ ಇರುವುದು, ವೈಫೈ ಹುಡುಕುತ್ತಲೇ ಇರುವುದು, ಸಿಮ್ ಹಾಕಿದ್ದರೆ ಟವರಿನೊಂದಿಗೆ ಮಾತು ನಿಲ್ಲಿಸದಿರುವುದು ಎಲ್ಲ ಇದೆ. ಫ್ಯಾಕ್ಟರಿ ಸೆಟ್ಟಿಂಗ್ ಒಳಗೆ ನಿದ್ದೆಯ ಅವಧಿಯನ್ನು ಗೊತ್ತುಮಾಡುವ ಆಯ್ಕೆ ಹಲವುಗಳಲ್ಲಿ ಸಿಗುತ್ತದೆ. ಒಂದೆರಡು ಗಂಟೆಯ ನಂತರ ಪೂರ್ತಿ ಆರಲಿ ಎಂದು ಅಲ್ಲಿ ಹೇಳಿಡಬಹುದು. ದಿನಕ್ಕೊಮ್ಮೆ ಅರ್ಧ ನಿಮಿಷ ಕಾಯುವುದು ನನ್ನ ಲೆಕ್ಕದಲ್ಲಿ ಒಳ್ಳೆಯ ವ್ಯಾಪಾರ.

ಇವೆಲ್ಲಕ್ಕಿಂತ ಹೊಟ್ಟೆಬಾಕ ಆಂಪ್ಲಿಫೈಯರ್. ಅದಕ್ಕೆ ಬ್ಯಾಟರಿಯಿಂದ ದಪ್ಪ ತಂತಿ ನೇರವಾಗಿ ಬರುತ್ತದೆ, ಕೀಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಎಬ್ಬಿಸುವುದೂ ಮಲಗಿಸುವುದೂ ಸ್ಟೀರಿಯೊದಿಂದ ಬರುವ ಆ ನೀಲಿ-ಬಿಳಿ ರಿಮೋಟ್ ತಂತಿ ಒಂದೇ. ರಿಮೋಟ್ ತಂತಿಯಲ್ಲಿ 12 ವೋಲ್ಟ್ ಇರುವಷ್ಟು ಹೊತ್ತು, ಒಂದೇ ಒಂದು ಸ್ವರ ಹೊರಡದಿದ್ದರೂ, ಒಳಗಿನ ವಿದ್ಯುತ್ ಘಟಕ ಕೆಲಸ ಮಾಡುತ್ತಲೇ ಇರುತ್ತದೆ. ಹೋಟೆಲಿನ ಶಟರ್ ಎಳೆದು ಎಲ್ಲರೂ ಮನೆಗೆ ಹೋದ ಮೇಲೂ ಒಲೆ ಉರಿಯುತ್ತಲೇ ಇದ್ದಂತೆ. ಸಾಧಾರಣ ಆಂಪ್ ಹೀಗೆ ಸುಮ್ಮನೆ ಕೂತಿರುವಾಗಲೇ ಅರ್ಧದಿಂದ ಎರಡು ಆಂಪಿಯರ್ ತಿನ್ನಬಲ್ಲದು. ರಾತ್ರಿ ಎಂಟರಿಂದ ಬೆಳಿಗ್ಗೆ ಏಳರವರೆಗೆ ಒಂದು ಆಂಪಿಯರ್ ಎಂದರೂ 11 ಆಂಪಿಯರ್-ಅವರ್, ಸಣ್ಣ ಕಾರಿನ ಬ್ಯಾಟರಿಯ ಮೂರನೇ ಒಂದು ಪಾಲು.

ಹೀಗಾಗಲು ಕಾರಣಗಳು ಹೆಚ್ಚಿಲ್ಲ. ಕಂಪನಿಯ ಸ್ಟೀರಿಯೊವನ್ನೇ ಉಳಿಸಿಕೊಂಡು ಆಂಪ್ ಹಾಕಿಸಿದ ಕಾರುಗಳಲ್ಲಿ ರಿಮೋಟ್ ತಂತಿ ಸಿಗುವುದಿಲ್ಲ. ಆಗ ಅದನ್ನು ಕೈಗೆ ಸಿಕ್ಕ ಯಾವುದೋ 12 ವೋಲ್ಟಿಗೆ ಕಟ್ಟಿರುತ್ತಾರೆ, ಅದು ಸದಾ ಜೀವಂತವಾದ ತಂತಿಯಾಗಿರುತ್ತದೆ. ಅಥವಾ ಮಧ್ಯೆ ಹಾಕಿದ ರಿಲೇಯ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡಿರುತ್ತದೆ. ಅಥವಾ ಆಂಪ್ ಸ್ಪೀಕರ್ ತಂತಿಯಲ್ಲಿ ಸಂಕೇತ ಕಂಡಾಗ ತಾನೇ ಏಳುವ ಜಾತಿಯದು. ಸೀಟಿನಡಿಯ ತೆಳ್ಳನೆಯ ವೂಫರ್‌ಗಳಲ್ಲಿ ಈ ಏರ್ಪಾಡು ಸಾಮಾನ್ಯ, ಅದು ಒಮ್ಮೊಮ್ಮೆ ಮಲಗುವುದನ್ನು ಮರೆಯುತ್ತದೆ. ಪತ್ತೆ ಮಾಡುವುದು ಸುಲಭ. ಕಾರು ಲಾಕ್ ಆಗಿ ಹತ್ತು ನಿಮಿಷವಾದ ಮೇಲೆ ಆಂಪ್‌ನ ಮೇಲೆ ಕೈಯಿಡಿ. ಬೆಚ್ಚಗಿದ್ದು, ಬೆಳಗಿನವರೆಗೂ ಆ ಬಿಸಿ ಆರದಿದ್ದರೆ, ಇಲ್ಲವೇ ಅದರ ಚಿಕ್ಕ ದೀಪ ಉರಿಯುತ್ತಿದ್ದರೆ ಬೇರೆ ಸಾಕ್ಷಿ ಬೇಡ. ಆಮೇಲೆ ರಿಮೋಟ್ ಟರ್ಮಿನಲ್ ಮತ್ತು ಅರ್ತಿಂಗ್ ನಡುವೆ ವೋಲ್ಟೇಜ್ ನೋಡಿ. 12 ಇದ್ದರೆ ದೋಷ ತಂತಿಯ ಆಚೆ ತುದಿಯಲ್ಲಿ, ಅಂದರೆ ಸ್ಟೀರಿಯೊ ಅಥವಾ ರಿಲೇ ಕಡೆ. ಸೊನ್ನೆ ಇದ್ದೂ ಆಂಪ್ ಕರೆಂಟು ಎಳೆಯುತ್ತಿದ್ದರೆ ದೋಷ ಆಂಪ್‌ನ ಒಳಗೇ ಇದೆ, ಅದನ್ನು ಬಿಚ್ಚುವವರ ಹತ್ತಿರ ಒಯ್ಯಬೇಕು. ಬಾಸ್ ಬಿಗಿಯಾಗಲಿ ಎಂದು ಕೆಲವರು ಪಕ್ಕದಲ್ಲಿ ಹಾಕಿಸುವ ಒಂದು ಫ್ಯಾರಡ್ ಕೆಪಾಸಿಟರಿನ ನೀಲಿ ಅಂಕಿಗಳೂ ರಾತ್ರಿಯಿಡೀ ಉರಿಯುತ್ತಿರಬಹುದು, ಅದನ್ನೂ ಗಮನಿಸಿ.

ಆಂಪ್ ವಿಷಯ ಬಂದಾಗ ಫ್ಯೂಸಿನ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಬ್ಯಾಟರಿಯಿಂದ ಡಿಕ್ಕಿಗೆ ಹೋಗುವ ದಪ್ಪ ತಂತಿಯ ಮೇಲೆ, ಬ್ಯಾಟರಿಯಿಂದ ಒಂದೂವರೆ ಅಡಿಯ ಒಳಗೆ ಫ್ಯೂಸ್ ಇರಲೇಬೇಕು. ಆಂಪ್ ಹತ್ತಿರ ಫ್ಯೂಸ್ ಇದೆಯಲ್ಲ ಎಂಬ ಸಮಾಧಾನ ಸಾಲದು. ಆ ತಂತಿ ದಾರಿಯಲ್ಲಿ ಎಲ್ಲೋ ತಗಡಿಗೆ ಉಜ್ಜಿ ಕವಚ ಹರಿದರೆ ಬ್ಯಾಟರಿಯ ಪೂರ್ತಿ ಶಕ್ತಿ ಅಲ್ಲಿಂದಲೇ ಹರಿಯುತ್ತದೆ. ಅಲ್ಲಿ ಹೋಗುವುದು ಬ್ಯಾಟರಿ ಅಲ್ಲ, ಕಾರು. ಒಳಗೆ ಜನರಿದ್ದರೆ ಅದಕ್ಕಿಂತ ದೊಡ್ಡದು.

ಇನ್ನು ಅಸಲಿ ಪರೀಕ್ಷೆಗೆ ಬರೋಣ. ಮೊದಲಿಗೆ ಬ್ಯಾಟರಿಯೇ ತಪ್ಪಿತಸ್ಥ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು, ಅದಕ್ಕೆ ವೋಲ್ಟ್ ಓದಬಲ್ಲ ಮೀಟರ್ ಸಾಕು. ಬ್ಯಾಟರಿಯನ್ನು ಚಾರ್ಜರಿನಿಂದ ಪೂರ್ತಿ ತುಂಬಿಸಿ, ನೆಗೆಟಿವ್ ಟರ್ಮಿನಲ್ ಬಿಚ್ಚಿ, ಕೆಲವು ಗಂಟೆ ಬಿಟ್ಟು ಅಳೆಯಿರಿ. ಆರೋಗ್ಯವಂತ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ ಉಳಿದಿದೆ ಎಂದರ್ಥ. ಬಿಚ್ಚಿಟ್ಟೇ ಒಂದು ರಾತ್ರಿ ಕಳೆಯಲಿ. ಬೆಳಿಗ್ಗೆಯೂ ಅದೇ ಅಂಕಿ ಇದ್ದರೆ ಬ್ಯಾಟರಿ ನಿರ್ದೋಷಿ, ಕಾರೇ ಕರೆಂಟು ಎಳೆಯುತ್ತಿದೆ. ಬಿಚ್ಚಿಟ್ಟರೂ ಇಳಿದಿದ್ದರೆ ಆಗ ಮಾತ್ರ ಹೊಸ ಬ್ಯಾಟರಿಯ ಮಾತು. ಎಂಜಿನ್ ಓಡುವಾಗ ಟರ್ಮಿನಲ್‌ಗಳ ನಡುವೆ ಸುಮಾರು 13.8ರಿಂದ 14.4 ವೋಲ್ಟ್ ಬಂದರೆ ಆಲ್ಟರ್ನೇಟರ್ ಕೂಡ ತನ್ನ ಕೆಲಸ ಮಾಡುತ್ತಿದೆ. ಟರ್ಮಿನಲ್ ಬಿಚ್ಚುವಾಗ ಯಾವತ್ತೂ ನೆಗೆಟಿವ್ ಮೊದಲು, ಹಾಕುವಾಗ ಅದೇ ಕೊನೆಗೆ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರದಿರಲಿ ಎಂಬುದೇ ಇದರ ಕಾರಣ. ಕೆಲವು ಸ್ಟೀರಿಯೊಗಳು ಕರೆಂಟು ಹೋಗಿ ಬಂದರೆ ಕೋಡ್ ಕೇಳುತ್ತವೆ, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಕಾರು ಎಳೆಯುತ್ತಿದೆ ಎಂದು ಗೊತ್ತಾದ ಮೇಲೆ ಎಷ್ಟು ಎಂದು ತಿಳಿಯಬೇಕು. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಬದಲಿಸಿ, ಬ್ಯಾಟರಿಯ ನೆಗೆಟಿವ್ ಕಂಬ ಮತ್ತು ಬಿಚ್ಚಿದ ಕೇಬಲ್ ನಡುವೆ ಮೀಟರನ್ನು ಸೇರಿಸುವುದು ವಿಧಾನ. ಕಾರಿನ ಎಲ್ಲ ಕರೆಂಟೂ ಈಗ ಮೀಟರಿನ ಮೂಲಕವೇ ಹೋಗುತ್ತದೆ. ಹಾಗಾಗಿ ಈ ಹೊತ್ತಿನಲ್ಲಿ ಸೆಲ್ಫ್ ಹೊಡೆಯುವುದಾಗಲಿ ಹೆಡ್‌ಲೈಟ್ ಹಾಕುವುದಾಗಲಿ ಕೂಡದು, ಮೀಟರಿನ ಫ್ಯೂಸ್ ಅಥವಾ ಮೀಟರೇ ಸುಡುತ್ತದೆ. ಅಗ್ಗದ ಮೀಟರುಗಳ 10 ಆಂಪಿಯರ್ ತೂತು ಹೆಚ್ಚು ಕರೆಂಟನ್ನು ಕೆಲವೇ ಸೆಕೆಂಡು ತಾಳುವಂಥದು ಎಂಬುದನ್ನೂ ಮರೆಯಬೇಡಿ. ಕೇಬಲ್ ಬಿಚ್ಚುವ ಮುನ್ನವೇ ಕ್ಲಿಪ್ ಇರುವ ಒಂದು ತಂತಿಯನ್ನು ಕಂಬಕ್ಕೂ ಕೇಬಲ್ಲಿಗೂ ಸೇತುವೆಯಾಗಿ ಕಟ್ಟಿಕೊಂಡರೆ ಸಂಪರ್ಕ ಕಡಿಯುವುದಿಲ್ಲ, ಕಾರಿನ ಕಂಪ್ಯೂಟರುಗಳು ಬೆಚ್ಚಿ ಏಳುವುದಿಲ್ಲ. ಮೀಟರ್ ಜೋಡಿಸಿ, ಎಲ್ಲ ಶಾಂತವಾದ ಮೇಲೆ ಆ ಸೇತುವೆ ತೆಗೆದು ಅಂಕಿ ಓದಿ.

ಶಾಂತವಾಗಲು ಸಮಯ ಬೇಕು. ಅವಸರ ಮಾಡಿದವರು ಎಡವುವುದು ಇಲ್ಲೇ. ಲಾಕ್ ಮಾಡಿದ ತಕ್ಷಣ ಓದಿದರೆ ಎರಡು-ಮೂರು ಆಂಪಿಯರ್ ಕಂಡು ಗಾಬರಿಯಾಗುತ್ತದೆ. ಹೊಸ ಕಾರುಗಳ ಕಂಪ್ಯೂಟರುಗಳು ಒಂದೊಂದಾಗಿ ಮಲಗಲು ಅರ್ಧ ಗಂಟೆ, ಕೆಲವಕ್ಕೆ ಒಂದು ಗಂಟೆ ಹಿಡಿಯುತ್ತದೆ. ಬಾನೆಟ್ ತೆರೆದೇ ಇರಬೇಕಾದ್ದರಿಂದ ಅದರ ಲ್ಯಾಚ್, ಫ್ಯೂಸ್ ಪೆಟ್ಟಿಗೆಗಾಗಿ ಬಾಗಿಲು ತೆರೆದಿಟ್ಟಿದ್ದರೆ ಅದರ ಲ್ಯಾಚ್, ಎರಡನ್ನೂ ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಬೇಕು, ಇಲ್ಲವಾದರೆ ಒಳದೀಪದ ಕರೆಂಟನ್ನೇ ಸೋರಿಕೆ ಅಂದುಕೊಳ್ಳುತ್ತೀರಿ. ಗುಂಡಿ ಒತ್ತಿ ಸ್ಟಾರ್ಟ್ ಆಗುವ ಕಾರಾದರೆ ಕೀಯನ್ನು ದೂರ ಮನೆಯೊಳಗೆ ಇಟ್ಟು ಬನ್ನಿ. ಕೊನೆಗೆ ನಿಂತ ಅಂಕಿ 50 ಮಿಲಿ ಆಂಪಿಯರಿನ ಒಳಗಿದ್ದರೆ ಚಿಂತೆಯಿಲ್ಲ. ನೂರು ದಾಟಿದರೆ ಹುಡುಕಾಟ ಶುರು.

ಮೊದಲು ಆಂಪ್‌ನ ದೊಡ್ಡ ಫ್ಯೂಸ್ ತೆಗೆಯಿರಿ. ಅಂಕಿ ದಡಕ್ಕನೆ ಇಳಿದರೆ ಕಳ್ಳ ಸಿಕ್ಕ. ಇಳಿಯಲಿಲ್ಲವೇ, ಸ್ಟೀರಿಯೊದ ಫ್ಯೂಸ್. ಕಾರಿನ ಫ್ಯೂಸ್ ಪೆಟ್ಟಿಗೆಯಲ್ಲಿ ಒಂದು, ಸ್ಟೀರಿಯೊದ ಬೆನ್ನಲ್ಲಿ ಇನ್ನೊಂದು ಇರುತ್ತದೆ; ಬೆನ್ನಿನದನ್ನೇ ತೆಗೆದರೆ ಅನುಮಾನಕ್ಕೆ ಜಾಗವಿಲ್ಲ. ಅದರಿಂದಲೂ ಇಳಿಯದಿದ್ದರೆ ಉಳಿದ ಫ್ಯೂಸುಗಳು ಸರದಿಯಂತೆ. ಫ್ಯೂಸ್ ತೆಗೆದು ಹಾಕುವಾಗ ಮಲಗಿದ ಕಂಪ್ಯೂಟರುಗಳು ಎದ್ದುಬಿಡುವ ಕಾರುಗಳಿಗೆ ಬೇರೆ ಉಪಾಯವಿದೆ, ನನಗೆ ಅದೇ ಹೆಚ್ಚು ಇಷ್ಟ. ಬ್ಲೇಡ್ ಫ್ಯೂಸಿನ ನೆತ್ತಿಯಲ್ಲಿ ಎರಡು ಚಿಕ್ಕ ಲೋಹದ ಚುಕ್ಕೆಗಳು ಹೊರಗೆ ಕಾಣುತ್ತವೆ. ಮೀಟರನ್ನು ಮಿಲಿವೋಲ್ಟಿಗೆ ಇಟ್ಟು ಆ ಎರಡು ಚುಕ್ಕೆ ಮುಟ್ಟಿದರೆ, ಕರೆಂಟು ಹರಿಯದ ಫ್ಯೂಸಿನಲ್ಲಿ ಸೊನ್ನೆ, ಹರಿಯುತ್ತಿರುವುದರಲ್ಲಿ ಚಿಕ್ಕ ಅಂಕಿ. 10 ಆಂಪಿಯರ್ ಫ್ಯೂಸಿನಲ್ಲಿ ಒಂದು ಮಿಲಿವೋಲ್ಟ್ ಕಂಡರೆ ನೂರಕ್ಕೂ ಮೇಲ್ಪಟ್ಟು ಮಿಲಿ ಆಂಪಿಯರ್ ಆ ದಾರಿಯಲ್ಲಿ ಹೋಗುತ್ತಿದೆ ಎಂದು ತಿಳಿಯಬಹುದು. ಏನನ್ನೂ ಬಿಚ್ಚದೆ, ಯಾರನ್ನೂ ಎಬ್ಬಿಸದೆ, ಇಡೀ ಪೆಟ್ಟಿಗೆಯನ್ನು ಐದು ನಿಮಿಷದಲ್ಲಿ ನೋಡಿ ಮುಗಿಸಬಹುದು.

ಸ್ಟೀರಿಯೊ ಹಾಕಿಸಿದ ದಿನವೇ ಅದರ ನೆಪದಲ್ಲಿ ಬಂದ ಇತರ ಅತಿಥಿಗಳನ್ನೂ ನೆನಪಿಸಿಕೊಳ್ಳಿ. ಡ್ಯಾಶ್‌ಕ್ಯಾಮ್‌ಗೆ ಸದಾ ಜೀವಂತವಾದ ತಂತಿಯಿಂದ ಕರೆಂಟು ಕೊಟ್ಟಿರಬಹುದು. ಜಿಪಿಎಸ್ ಟ್ರ್ಯಾಕರ್ ಇರಬಹುದು. ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಚುಚ್ಚಿ ಮರೆತ ಡಾಂಗಲ್ ಕಾರಿನ ಕಂಪ್ಯೂಟರನ್ನೇ ಎಚ್ಚರವಾಗಿಡಬಹುದು. ಗಾಜಿನ ಮೇಲಿನ ಫಾಸ್ಟ್ಯಾಗ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಅದಕ್ಕೂ ಬ್ಯಾಟರಿಗೂ ಸಂಬಂಧವೇ ಇಲ್ಲ, ಟೋಲ್‌ನ ರೀಡರ್ ಕಳಿಸುವ ಅಲೆಯೇ ಅದಕ್ಕೆ ಶಕ್ತಿ. ಎಲೆಕ್ಟ್ರಿಕ್ ಕಾರಿನವರು ಮಾತ್ರ ತಮಗಿದು ಅನ್ವಯಿಸುವುದಿಲ್ಲ ಎಂದುಕೊಳ್ಳಬಾರದು. ಅಲ್ಲೂ ಸ್ಟೀರಿಯೊ, ಲಾಕ್, ದೀಪಗಳಿಗೆಲ್ಲ ಒಂದು ಪ್ರತ್ಯೇಕ 12 ವೋಲ್ಟ್ ಬ್ಯಾಟರಿ ಇದೆ. ಅದು ಬರಿದಾದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ.

ಸೋರಿಕೆ ನಿಲ್ಲಿಸಿದ ಮೇಲೆ, ಈವರೆಗೆ ಏಟು ತಿಂದ ಬ್ಯಾಟರಿಯ ಗತಿ ಏನು? ಇಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಅದು ಕರಗುತ್ತದೆ. ದಿನಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಗಡುಸಾಗಿ, ಆ ಭಾಗ ಮತ್ತೆ ಕೆಲಸಕ್ಕೆ ಬಾರದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಈ ಹಾನಿ ಇನ್ನೂ ವೇಗ. ಆದ್ದರಿಂದ ಜಂಪ್ ಸ್ಟಾರ್ಟ್ ಮಾಡಿ ನಾಲ್ಕು ಸುತ್ತು ಓಡಿಸಿ ಬಂದರೆ ಸಾಲದು. ಬ್ಯಾಟರಿ ಅಂಗಡಿಗೆ ಕೊಟ್ಟು, ಅದರ ಸಾಮರ್ಥ್ಯದ ಹತ್ತನೇ ಒಂದು ಪಾಲಿನ ಕರೆಂಟಿನಲ್ಲಿ, 35ರ ಬ್ಯಾಟರಿಗಾದರೆ ಮೂರೂವರೆ ಆಂಪಿಯರಿನಲ್ಲಿ, ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿಸಿ, ಲೋಡ್ ಟೆಸ್ಟ್ ಕೇಳಿ. ಆ ಪರೀಕ್ಷೆಯಲ್ಲಿ ಸೋತರೆ ಹೊಸದು ತನ್ನಿ, ಹಳೆಯದನ್ನು ಅಂಗಡಿಗೇ ಒಪ್ಪಿಸಿ. ಅದರಲ್ಲಿರುವುದು ಸೀಸ, ಗುಜರಿಯವರ ಹಿತ್ತಿಲಲ್ಲಿ ಒಡೆದು ಕರಗಿಸಿದರೆ ಅಲ್ಲಿಯ ಮಕ್ಕಳ ಮೈ ಸೇರುತ್ತದೆ.

ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಾಗಲಿ ಮುಂದಿನ ಸಲ ಸ್ಟೀರಿಯೊ ಹಾಕಿಸುವಾಗ, ಹಣ ಕೊಡುವ ಮುನ್ನ ಇದಿಷ್ಟನ್ನು ಅಂಗಡಿಯವರ ಕೈಯಲ್ಲೇ ಮಾಡಿಸಿ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಸರ ಪಡುವುದಿಲ್ಲ, ಅವರಲ್ಲಿ ಕರೆಂಟು ಓದುವ ಕ್ಲ್ಯಾಂಪ್ ಮೀಟರ್ ಇದ್ದರೆ ಟರ್ಮಿನಲ್ ಬಿಚ್ಚುವ ಕೆಲಸವೂ ಉಳಿಯುತ್ತದೆ. ಹಾಕುವ ಮುಂಚೆ ಕಾರು ಮಲಗಿದಾಗ ಎಷ್ಟು ಎಳೆಯುತ್ತಿತ್ತು, ಹಾಕಿದ ಮೇಲೆ ಎಷ್ಟು ಎಂಬ ಎರಡು ಅಂಕಿಗಳನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ವ್ಯತ್ಯಾಸ ಹತ್ತಿಪ್ಪತ್ತು ಮಿಲಿ ಆಂಪಿಯರಿಗಿಂತ ಹೆಚ್ಚಿದ್ದರೆ ಪ್ಯಾನೆಲ್ ಮುಚ್ಚಿಸಬೇಡಿ, ಕೆಂಪು ತಂತಿಯನ್ನು ಎಲ್ಲಿಗೆ ಸೇರಿಸಿದ್ದಾರೆಂದು ಅಲ್ಲೇ ನಿಂತು ತೋರಿಸಲು ಹೇಳಿ. ಎಷ್ಟೋ ತಿಂಗಳ ಮೇಲೆ ಮತ್ತೆ ಬ್ಯಾಟರಿ ಇಳಿದರೆ ಆ ಬಿಲ್ಲು ತೆಗೆದು ಆ ಹೊತ್ತಿನ ಅಂಕಿಯೊಂದಿಗೆ ಹೋಲಿಸಿ ನೋಡಿ. ಮಲಗಿದ ಕಾರಿನ ಕರೆಂಟು ಬದಲಾಗಿಲ್ಲವೆಂದರೆ ಹುಡುಕಬೇಕಾದದ್ದು ವೈರಿಂಗ್‌ನಲ್ಲಲ್ಲ, ಆಲ್ಟರ್ನೇಟರಿನಲ್ಲಿ ಅಥವಾ ಬ್ಯಾಟರಿಯ ವಯಸ್ಸಿನಲ್ಲಿ.